ಎಡಗಿವಿಯ ಕಡೆ ಕುಳಿತವರು

ಪೇಪರ್ ಅಕ್ಕನ ಎಡಗಿವಿಯಲ್ಲಿ ಯಾವಾಗಲೂ ಜೋಳದ ಕಾಳಿನಷ್ಟು ಹತ್ತಿ ಇರುತ್ತಿತ್ತು. ಯಾರಾದರೂ ಮಾತಿಗೆ ನಿಂತರೆ ಸಾಕು, ಮುಖವನ್ನು ಸರಕ್ಕನೆ ಎಡಕ್ಕೆ ತಿರುಗಿಸಿಬಿಡುತ್ತಿದ್ದರು. "ಏನ್ ಸೊಕ್ಕೋ ಈಕಿದು, ಮಾರಿ ಕೊಟ್ಟು ಮಾತಾಡಂಗಿಲ್ಲ" ಎಂದು ಹುಮನಾಬಾದಿನ ಅರ್ಧ ಊರು ಹೇಳುತ್ತಿತ್ತು. ಉಳಿದರ್ಧ ಊರು ಅದನ್ನೇ ಸಣ್ಣ ದನಿಯಲ್ಲಿ ಹೇಳುತ್ತಿತ್ತು. ಅವರು ಮುಖ ತಿರುಗಿಸುತ್ತಿದ್ದದ್ದು ಬಲಗಿವಿಯನ್ನು ನಿಮ್ಮ ಬಾಯಿಯ ಹತ್ತಿರ ತರುವುದಕ್ಕೆ. ಎಡಗಿವಿ ಎಂದೋ ಕೆಟ್ಟುಹೋಗಿತ್ತು. ಮುಂಬಯಿಯಲ್ಲಿ ಏಳು ವರ್ಷ ಒಬ್ಬ ಗಿಟಾರಿನವನ ಹೆಂಡತಿಯಾಗಿ, ಆಳೆತ್ತರದ ಸ್ಪೀಕರುಗಳ ಮಗ್ಗುಲಲ್ಲಿ ನಿಂತದ್ದಕ್ಕೆ ಸಿಕ್ಕ ಬಳುವಳಿ ಅದು. ಆ ಮನುಷ್ಯ ಅವರಿಗೆ ಕೊಟ್ಟದ್ದರಲ್ಲಿ ಕೊನೆಯವರೆಗೆ ಉಳಿದದ್ದು ಅದೊಂದೇ.

ಆ ಮನುಷ್ಯನ ಹೆಸರು ನಿಮಗೆ ಗೊತ್ತು. ರಾಕ್ ಅನ್ನುವ ಸಂಗೀತವನ್ನು ಮೊದಲು ಇಂಗ್ಲಿಷಿನಲ್ಲಿ, ಅದು ಸಾಕಷ್ಟು ಖರ್ಚಾಗದಿದ್ದಾಗ ಹಿಂದಿಯಲ್ಲಿ ಬಾರಿಸಿ, ಹುಮನಾಬಾದಿನ ಕಟಿಂಗ್ ಅಂಗಡಿಯ ಗೋಡೆಯವರೆಗೂ ಬಂದು ತಲುಪಿದವನು. ಹೆಗಲ ಮೇಲೆ ಕೂದಲು, ಎದೆಯ ಮೇಲೆ ಬಿಚ್ಚಿದ ಗುಂಡಿ, ಮುಖದ ಮೇಲೆ ಹಲ್ಲುನೋವಿನ ಸುಖ. ಇಡೀ ಬರಹದಲ್ಲಿ ಅವನ ಹೆಸರು ಒಮ್ಮೆಯೂ ಬರುವುದಿಲ್ಲ. ಇದು ನನ್ನ ಸೇಡು. ಸಣ್ಣ ಸೇಡು, ಒಪ್ಪುತ್ತೇನೆ. ನಾನೂ ಸಣ್ಣ ಮನುಷ್ಯನೇ.

ಅಕ್ಕನ ಹೆಸರೂ ಬರುವುದಿಲ್ಲ. ಅದಕ್ಕೆ ಕಾರಣ ಬೇರೆ. ಗುಲಬರ್ಗಾದ ಒಂದು ದಿನಪತ್ರಿಕೆಗೆ ಅವರು ಒಂಬತ್ತು ವರ್ಷ ಹುಮನಾಬಾದಿನ ಬಾತ್ಮಿ ಕಳಿಸಿದರು. ಎಲ್ಲದರ ಮೇಲೂ 'ನಮ್ಮ ಬಾತ್ಮೀದಾರರಿಂದ' ಎಂದಷ್ಟೇ ಇರುತ್ತಿತ್ತು. ಒಮ್ಮೆ ನಾನು, "ಅಕ್ಕಾ, ನಿಮ್ಮ ಹೆಸರು ಹಾಕಂತ ಹೇಳ್ರಿ ಅವರಿಗೆ" ಎಂದಾಗ ಪೇಪರನ್ನು ನನ್ನ ಮುಖದ ಮುಂದೆ ಹಿಡಿದು, "ನನ್ನ ಹೆಸರು ಕಟಗೊಂಡು ಏನ್ ಮಾಡ್ತಿ? ಈ ಮಾಸ್ತರನ ಹೆಸರು ಸರಿ ಬಂದದೋ ಇಲ್ಲೋ ನೋಡು. ಅಂವ ನಾಲ್ಕು ತಿಂಗಳಿಂದ ಪಗಾರ ಇಲ್ದೆ ಪಾಠ ಹೇಳಾಕತ್ತಾನ" ಎಂದಿದ್ದರು.

ಅವರ ಪಡಸಾಲೆಯಲ್ಲಿ ಎರಡು ಕುರ್ಚಿಗಳಿದ್ದವು, ಅವರು ಬರೆಯುವ ಮೇಜಿನ ಆಚೀಚೆ. ರಸ್ತೆ ಕೆಟ್ಟಿದೆ, ರೇಷನ್ನಿನಲ್ಲಿ ಕಲ್ಲು ಬಂತು, ಡಾಕ್ಟರು ಬರುವುದಿಲ್ಲ ಎಂದು ಬಂದವರಿಗೆ ಬಲಗಡೆಯ ಕುರ್ಚಿ. ಚಹಾ ಕುಡಿಯುತ್ತ ಕುಡಿಯುತ್ತ "ಅಕ್ಕಾರ, ಅಂವ ಮನ್ಯಾಗ ಹ್ಯಾಂಗಿರ್ತಿದ್ದ?" ಎಂದು ಶುರು ಮಾಡುವವರಿಗೆ ಎಡಗಡೆಯದು. ಅಕ್ಕ ತಾವೇ ಎದ್ದು ಕುರ್ಚಿ ತೋರಿಸುತ್ತಿದ್ದರು. "ಈ ಕಡೆ ಕೂಡ್ರಿ, ಗಾಳಿ ಬರ್ತದ." ಅವರು ಅಲ್ಲಿ ಕುಳಿತು ಅರ್ಧ ಗಂಟೆ ಮಾತಾಡುತ್ತಿದ್ದರು. ಅಕ್ಕ ಹ್ಞೂಂ ಹ್ಞೂಂ ಅನ್ನುತ್ತ ಮರುದಿನದ ಬಾತ್ಮಿ ಬರೆದು ಮುಗಿಸುತ್ತಿದ್ದರು. ಹೋದವರು ಹೊರಗೆ ಹೋಗಿ, "ಭಾಳ ಗಂಭೀರ ಹೆಣ್ಮಗಳು, ಒಂದು ಮಾತೂ ಬಿಟ್ಟುಕೊಡ್ಲಿಲ್ಲ" ಎನ್ನುತ್ತಿದ್ದರು. ಬಿಟ್ಟುಕೊಡಲು ಮೊದಲು ಕೇಳಿಸಬೇಕಲ್ಲ!

ಇದು ನನಗೆ ಹೇಗೆ ಗೊತ್ತಾಯಿತೆಂದರೆ, ಮೊದಲ ಸಲ ಅವರ ಮನೆಗೆ ಹೋದಾಗ ನನ್ನನ್ನೂ ಎಡಗಡೆಯೇ ಕೂಡಿಸಿದ್ದರು.

ನಾನು ಯಾರು ಎಂಬುದನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ನಮ್ಮೂರಿನ ಟಾಕೀಜಿಗೆ ಹೊಸ ಪಿಕ್ಚರ್ ಬಂದಾಗ ಟಾಂಗಾದಲ್ಲಿ ಮೈಕು ಹಿಡಿದು ಓಣಿ ಓಣಿ ಕೂಗುತ್ತಿದ್ದ ಪ್ರಾಣಿ ನಾನು. ಹೀರೋನ ದನಿ, ವಿಲನ್ನಿನ ದನಿ, ಹೀರೋಯಿನ್ನಿನ ಅಳು, ಕುದುರೆಯ ಕೆನೆತ, ಎಲ್ಲ ನನ್ನ ಒಂದೇ ಗಂಟಲಿನಿಂದ. ತಹಶೀಲ್ದಾರರು ಸೀನುವುದನ್ನು ಅವರ ಹೆಂಡತಿಗಿಂತ ಚೆನ್ನಾಗಿ ಬಲ್ಲೆ. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ನಮ್ಮ ಅವ್ವನೂ ಸ್ವಲ್ಪ ಯೋಚನೆ ಮಾಡುತ್ತಾಳೆ.

ಎಂಬತ್ತನೇ ಇಸವಿಯ ಗಣೇಶ ಹಬ್ಬದಲ್ಲಿ, ನಮ್ಮ ಯುವಕ ಸಂಘದ ವೇದಿಕೆಯ ಮೇಲೆ, ನಾನು 'ಗಿಟಾರಿನವನ ಸಂಸಾರ' ಎಂಬ ನಕಲಿ ಮಾಡಿದೆ. ಮೊರವನ್ನು ಗಿಟಾರಿನಂತೆ ಹಿಡಿದು ಕುಣಿದೆ. ತಲೆಗೆ ಅವ್ವನ ಚೌರಿ. ನಡುನಡುವೆ ಸೆರಗು ಹೊದ್ದು ಹೆಂಡತಿಯಾಗಿ ಮೂಗು ಒರೆಸಿಕೊಂಡು ಅಳುವುದು, "ನನ್ನ ಬಿಟ್ಟು ಹೊಂಟ್ಯಾ ರಾಜಾ" ಎನ್ನುವುದು. ಮಂದಿ ನೆಲಕ್ಕೆ ಬಿದ್ದು ನಕ್ಕರು. ಎರಡನೇ ಸಾಲಿನಲ್ಲಿ ಅಕ್ಕ ಕುಳಿತಿದ್ದದ್ದು ನನಗೆ ಕಂಡಿತ್ತು. ಕಂಡೂ ಮಾಡಿದೆ. ಅವರು ಕಂಡದ್ದಕ್ಕೇ ಇನ್ನೂ ಜೋರಾಗಿ ಮಾಡಿದೆ. ಈ ಸಾಲನ್ನು ಬರೆಯುವಾಗ ನನ್ನ ಕಿವಿ ಕೆಂಪಗಾಗುತ್ತದೆ, ಎರಡೂ.

ಮರುದಿನ ಅವರು ಹೇಳಿಕಳಿಸಿದರು. ಹೋದೆ. ಎಡಗಡೆಯ ಕುರ್ಚಿ ತೋರಿಸಿದರು. "ತಪ್ಪಾಯ್ತ್ರಿ ಅಕ್ಕಾ, ಸುಮ್ಕ ಚಾಷ್ಟಿಗೆ ಮಾಡೀನಿ, ಮನಸಿಗೆ ಹಚಗೋಬ್ಯಾಡ್ರಿ" ಎಂದು ಹತ್ತು ನಿಮಿಷ ಕ್ಷಮೆ ಕೇಳಿದೆ. ಮೂರು ದನಿಯಲ್ಲಿ ಕೇಳಿದೆ. ಅವರು ಬರೆಯುತ್ತಲೇ ಇದ್ದರು. ಬರೆದು ಮುಗಿದ ಮೇಲೆ ಪೆನ್ನಿನ ಟೊಪ್ಪಿಗೆ ಹಾಕಿ, ಹತ್ತಿ ಮುಟ್ಟಿ ತೋರಿಸಿ, "ಈ ಕಡಿ ಕೇಳ್ಸಂಗಿಲ್ಲ. ಈಗ ಆ ಕಡಿ ಬಂದು ಕೂಡು" ಎಂದರು. ನಾನು ಬಲಗಡೆ ಹೋಗಿ ಕುಳಿತೆ.

"ಅಂವ ಎಡಚ" ಎಂದರು.

"ಯಾರ್ರಿ?"

"ನೀ ನಿನ್ನೆ ಕುಣದ್ಯಲ್ಲ, ಅಂವ. ಗಿಟಾರ್ ಎಡಗೈಲೆ ಬಾರಸ್ತಿದ್ದ. ನೀ ಬಲಗೈಲೆ ಬಾರಸ್ದಿ. ಮತ್ತ ನಾ ಒಂದಿನಾನೂ ಅಂವನ ಮುಂದ ಅತ್ತಿಲ್ಲ. ಅಂವನ್ನ ಬಿಟ್ಟು ಬಂದಾಕಿ ನಾನು. ನಕಲು ಮಾಡೋದಿದ್ರ ಸರಿ ಮಾಡು ತಮ್ಮಾ. ನೋಡಿ ಮಾಡು. ಮಂದಿ ಬಾಯಾಗ ಕೇಳಿ ಮಾಡಬ್ಯಾಡ."

ಬೈದಿದ್ದರೆ ಮರೆತುಬಿಡುತ್ತಿದ್ದೆ. ತಿದ್ದಿದರು. ತಿದ್ದಿದ್ದನ್ನು ಮರೆಯುವುದು ಕಷ್ಟ. ಆವತ್ತಿನಿಂದ ಪುರಸತ್ತಾದಾಗಲೆಲ್ಲ ಬಲಗಡೆಯ ಕುರ್ಚಿಗೆ ಹೋಗಿ ಕೂತುಕೊಳ್ಳುವ ಚಟ ಹತ್ತಿತು.

ಅವರ ಊರು ಬಸವಕಲ್ಯಾಣ. ತಂದೆ ಅಲ್ಲಿಯ ಕಚೇರಿಯ ಮುಂದೆ ಕುಳಿತು ಉರ್ದುವಿನಲ್ಲಿ ಮಂದಿಯ ಅರ್ಜಿ ಬರೆಯುತ್ತಿದ್ದವರು. ಐವತ್ತಾರರಲ್ಲಿ ನಮ್ಮ ಸೀಮೆ ಹೈದರಾಬಾದಿನಿಂದ ಕಡಿದು ಮೈಸೂರಿಗೆ ಸೇರಿತು, ಕಚೇರಿ ನಿಧಾನವಾಗಿ ಕನ್ನಡಕ್ಕೆ ತಿರುಗಿತು, ಇಪ್ಪತ್ತೈದು ವರ್ಷ ಬರೆದ ಕೈಗೆ ಕೆಲಸವಿಲ್ಲದಂತಾಯಿತು. ಆಗ ಅಕ್ಕನಿಗೆ ಹನ್ನೆರಡು ವರ್ಷ. ಶಾಲೆ ಬಿಟ್ಟ ಕೂಡಲೇ ತಂದೆಯ ಚಾಪೆಗೆ ಬಂದು ಕೂತುಕೊಳ್ಳುವುದು. ತಂದೆ ಉರ್ದುವಿನಲ್ಲಿ ಹೇಳುವುದು, ಮಗಳು ಕನ್ನಡದಲ್ಲಿ ಬರೆಯುವುದು. ಮಂಠಾಳದಿಂದ ಬಂದ ರೈತ ಅಳುತ್ತ ತನ್ನ ಹೊಲದ ಕಥೆ ಹೇಳುತ್ತಿದ್ದರೆ ತಂದೆ ಮಗಳಿಗೆ ಅನ್ನುತ್ತಿದ್ದರಂತೆ: "ಯಾರದು, ಎಲ್ಲಿ, ಯಾವಾಗಿಂದ. ಈ ಮೂರು ಮೊದಲು ಬರಿ. ಅವನ ಅಳು ಬರೀಬ್ಯಾಡ, ಅದನ್ನ ಸಾಹೇಬ ಓದಂಗಿಲ್ಲ." ಬಾತ್ಮಿ ಬರೆಯುವುದನ್ನು ತಾನು ಕಲಿತದ್ದು ಆ ಚಾಪೆಯ ಮೇಲೆ, ಉಳಿದ ಶಾಲೆಯೆಲ್ಲ ಬರೀ ಸರ್ಟಿಫಿಕೇಟಿಗೆ ಎನ್ನುತ್ತಿದ್ದರು.

ಆಮೇಲೆ ಹೈದರಾಬಾದಿನ ಕಾಲೇಜು, ಅಲ್ಲಿಂದ ಮುಂಬಯಿಯ ಒಂದು ಪತ್ರಿಕೆ. ನೀರು, ಚಾಳು, ಆಸ್ಪತ್ರೆಯ ಬಗ್ಗೆ ಬರೆಯುತ್ತಿದ್ದವರನ್ನು ಒಂದು ಸಂಜೆ, ಬೇರೆ ಯಾರೂ ಸಿಗಲಿಲ್ಲವೆಂದು, ಗಿಟಾರಿನವನ ಹಾಡಿನ ಜಲ್ಸಾಕ್ಕೆ ಕಳಿಸಿದರು. ಉಳಿದದ್ದು ಊರಿಗೆಲ್ಲ ಗೊತ್ತು, ಗೊತ್ತಿಲ್ಲದ್ದನ್ನು ಊರೇ ಸೇರಿಸಿಕೊಂಡಿದೆ. ನನಗೆ ಅಕ್ಕ ಹೇಳಿದ್ದು ಇಷ್ಟೇ: ಅವನು ರಾಗ ಕಟ್ಟುವಾಗ ಮನೆಯಲ್ಲಿ ಪೆನ್ನಿನ ಸಪ್ಪಳವೂ ಆಗಬಾರದಿತ್ತು, ಅದಕ್ಕೆ ಇವರು ಮೆಟ್ಟಿಲ ಮೇಲೆ ಕೂತು ಬಾತ್ಮಿ ಬರೆಯುತ್ತಿದ್ದರು.

"ಅಂವನ ಮ್ಯಾಲ ಸಿಟ್ಟಿಲ್ಲೇನ್ರಿ ಅಕ್ಕಾ?" ಎಂದು ಒಮ್ಮೆ ಕೇಳಿದೆ, ಬಲಗಡೆಯಿಂದ. ಧೈರ್ಯ ಮಾಡಿಯೇ ಕೇಳಿದೆ.

"ಅಂವ ಬಾರಸಾಂವ, ಬಾರಸ್ದ. ಅಂವನ ಮ್ಯಾಲ ಎಷ್ಟು ದಿನ ಸಿಟ್ಟು ಇಟ್ಟಗೊಳ್ಳಲಿ? ನಾ ಆಸ್ಪತ್ರಿ ಬಾತ್ಮಿ ತಗೊಂಡು ಹೋಗಿ ಟೇಬಲ್ ಮ್ಯಾಲ ಇಟ್ರ, 'ಅದಿರ್ಲಿ, ಅಂವ ಮುಂಜಾನೆ ಏನ್ ತಿಂತಾನ ಬರಕೊಡು' ಅಂದ್ರಲ್ಲ ನಮ್ಮ ಮುಂಬಯಿ ಪೇಪರಿನವ್ರು, ಅವರ ಮ್ಯಾಲ ಅದ ನೋಡು ಸಿಟ್ಟು. ಇನ್ನೂ ಅದ. ದಿನಾ ಅದಕ್ಕ ನೀರು ಹಾಕ್ತೀನಿ, ಒಣಗಬಾರದು ಅಂತ."

ಅವರು ದೊಡ್ಡವರು, ಗಿಟಾರಿನವನನ್ನು ಬಿಟ್ಟುಬಿಟ್ಟರು. ನಾನು ಬಿಡುವುದಿಲ್ಲ.

ಎಪ್ಪತ್ತನಾಲ್ಕರಲ್ಲಿ ಅವನನ್ನೂ ಮುಂಬಯಿಯನ್ನೂ ಬಿಟ್ಟು ಬಂದು ಹುಮನಾಬಾದಿನಲ್ಲಿ ಬಾಡಿಗೆ ಮನೆ ಹಿಡಿದರು. ಬಸವಕಲ್ಯಾಣಕ್ಕೇ ಯಾಕೆ ಹೋಗಲಿಲ್ಲ ಎಂದರೆ, ಅಲ್ಲಿ ತಮ್ಮನ ಮನೆಯಲ್ಲಿ 'ಗಂಡನ ಬಿಟ್ಟು ಬಂದ ಅಕ್ಕ' ಆಗಿರಬೇಕಾಗುತ್ತಿತ್ತು, ಇಲ್ಲಿ ಹೈವೇ ಇದೆ, ಬಸ್ಸಿದೆ, ಬಾತ್ಮಿ ಕಳಿಸಲು ಅನುಕೂಲ ಎಂದರು.

ಈಗ ಬಾವಿಗಳ ವಿಷಯಕ್ಕೆ ಬರುತ್ತೇನೆ. ಯಾಕೆಂದರೆ ಅಕ್ಕನ ಇಡೀ ಜೀವ ಇದ್ದದ್ದು ಅಲ್ಲಿ. ಉಳಿದದ್ದೆಲ್ಲ ನಾವು ಎಳೆದು ತಂದು ಅವರ ಮೇಲೆ ಹೊದಿಸಿದ್ದು.

ಊರ ಹೊರಗೆ ಔಷಧಕ್ಕೆ ಬೇಕಾದ ಏನೋ ಪುಡಿ ಮಾಡುವ ಒಂದು ಕಾರ್ಖಾನೆ ಬಂದಿತ್ತು. ಅದರ ಇಳಿಜಾರಿಗೆ ಕೂಲಿ ಮಾಡುವವರ ಒಂದು ಓಣಿ, ಕೆಳಗಿನ ಓಣಿ ಎನ್ನುತ್ತಾರೆ. ಅಲ್ಲಿ ಮೂರು ಬಾವಿ. ಎಂಬತ್ತೆರಡರ ಬೇಸಿಗೆಯಿಂದ ಆ ನೀರಲ್ಲಿ ಬೇಳೆ ಬೇಯದಾಯಿತು. ಹಾಲು ಕಾಸಿದರೆ ಒಡೆಯತೊಡಗಿತು. ತಾಮ್ರದ ಕೊಡ ಉಜ್ಜಿದ ಮರುದಿನವೇ ಹಸಿರು. ಮಕ್ಕಳ ಮೈಮೇಲೆ ತುರಿಸುವ ಕೆಂಪು ಗಾದರಿ. ಕಚೇರಿಗೆ ಹೋದರೆ, "ಬೇಸಗ್ಯಾಗ ನೀರು ಹಂಗೇ ಇರ್ತಾವ, ಮಳಿ ಬಂದ್ರ ಸರಿಯಾಗ್ತದ" ಎಂದರು. ಮಳೆ ಬಂತು, ಸರಿಯಾಗಲಿಲ್ಲ.

ಅಕ್ಕ ಪ್ರತಿ ಸೋಮವಾರ ಅಲ್ಲಿಗೆ ಹೋಗುತ್ತಿದ್ದರು. ತೀರಿಹೋದ ತಂದೆಯ ಬಿಳಿ ಧೋತರವನ್ನು ಗೇಣಗಲದ ಚೂರು ಮಾಡಿ ಇಟ್ಟುಕೊಂಡಿದ್ದರು. ಒಂದೊಂದು ಬಾವಿಗೆ ಒಂದೊಂದು ಚೂರು, ಕಲ್ಲು ಕಟ್ಟಿ ಇಳಿಬಿಡುವುದು. ಒಂದು ಹಗಲು ಒಂದು ರಾತ್ರಿ ನೀರಲ್ಲಿರಬೇಕು. ಮಂಗಳವಾರ ಹೋಗಿ ಎತ್ತಿ, ಒಣಗಿಸಿ, ನೋಟ್‌ಬುಕ್ಕಿನ ಹಾಳೆಗೆ ಟಾಚಣಿ ಚುಚ್ಚಿ, ತಾರೀಖು, ಯಾವ ಬಾವಿ, ನೀರು ಎಷ್ಟು ಮೊಳ ಕೆಳಗೆ ಎಂದು ಬರೆಯುವುದು. ಹಗ್ಗವನ್ನು ತಮ್ಮ ಕೈಯಿಂದಲೇ ಅಳೆಯುತ್ತಿದ್ದರು. ಇನ್ನೊಂದು ತುದಿ ಹಿಡಿಯುತ್ತಿದ್ದವಳು ಆ ಓಣಿಯ ಒಬ್ಬ ಮುದುಕಿ, ಎಲ್ಲರೂ ಆಯಿ ಎನ್ನುವವಳು. ಮೈಗೆಲ್ಲ ಗಾದರಿ ಎದ್ದಿದ್ದ ಮೊಮ್ಮಗಳನ್ನು ಟೊಂಕದ ಮೇಲೆ ಕೂಡಿಸಿಕೊಂಡೇ ಹಗ್ಗ ಹಿಡಿಯುತ್ತಿದ್ದಳು. ಆ ನೋಟ್‌ಬುಕ್ಕನ್ನು ಮೊದಲ ಹಾಳೆಯಿಂದ ಕೊನೆಯವರೆಗೆ ತಿರುವಿದರೆ ಧೋತರದ ಬಿಳಿ ಕೆನೆಯಾಗಿ, ಕೆನೆ ಅರಿಶಿನವಾಗಿ, ಅರಿಶಿನ ಜಂಗು ಹಿಡಿದ ಕಬ್ಬಿಣದ ಬಣ್ಣವಾಗಿ ಹೋಗುವುದು ಕಾಣುತ್ತಿತ್ತು. ಹನ್ನೊಂದು ತಿಂಗಳು ಹೀಗೆ ಮಾಡಿದರು.

ಬರೆದು ಕಳಿಸಿದರು. ಪತ್ರಿಕೆ ಹಾಕಲಿಲ್ಲ. ಮತ್ತೆ ಕಳಿಸಿದರು. ಹಾಕಲಿಲ್ಲ. ಮೂರನೇ ಸಲ ಕಳಿಸಿದಾಗ ಸಂಪಾದಕರೇ ಗುಲಬರ್ಗಾದಿಂದ ಕಾರು ಮಾಡಿಕೊಂಡು ಬಂದರು. ಅಷ್ಟು ಹೊತ್ತಿಗೆ ಗಿಟಾರಿನವನ ಹಿಂದಿ ಕ್ಯಾಸೆಟ್ಟು ಪಾನ್ ಅಂಗಡಿಗಳಲ್ಲೆಲ್ಲ ಅರಚುತ್ತಿತ್ತು. ಸಂಪಾದಕರು ಬಲಗಡೆಯ ಕುರ್ಚಿಯಲ್ಲಿ ಕುಳಿತರು. ನಾನು ಹೊಸ್ತಿಲ ಮೇಲಿದ್ದೆ. ಮೂಗಿನೊಳಗೇ ಮಾತಾಡುವ ಮನುಷ್ಯ, ಆಡುವಾಗ ಅಂಗೈಗೆ ಅಂಗೈ ತಿಕ್ಕುವುದು. ಐದು ನಿಮಿಷದಲ್ಲಿ ಅವರನ್ನು ಪೂರ್ತಿ ಗಂಟಲಿಗೆ ಇಳಿಸಿಕೊಂಡೆ.

"ಅಕ್ಕಾರ, ಬಾವಿ ಸುದ್ದಿ ಎಲ್ಲಾ ಊರಾಗೂ ಅದ. ಇಂಥಾ ಗಂಡ ಎಲ್ಲಾ ಊರಾಗ ಇಲ್ಲ. ನಿಮ್ಮ ಸಂಸಾರದ ಕಥಿ ಬರೀರಿ. ಹತ್ತು ಐತವಾರ. ಆಮ್ಯಾಲ ನಿಮ್ಮ ಬಾವಿ ನೋಡೋಣ."

ಅಕ್ಕ ಎದ್ದು ಕುರ್ಚಿ ಬದಲಿಸಲು ಹೇಳುತ್ತಾರೆಂದು ನಾನು ಕಾದೆ. ಹೇಳಲಿಲ್ಲ. "ಬರೀತೀನಿ. ಆದ್ರ ಒಂದು ಶರ್ತ. ನಾ ಬರದದ್ದರಾಗ ಒಂದಕ್ಷರಾನೂ ನಿಮ್ಮ ಮಂದಿ ಮುಟ್ಟಬಾರದು" ಎಂದರು.

ಸಂಪಾದಕರಿಗೆ ಖುಷಿಯೋ ಖುಷಿ. "ಯಾಕ ಮುಟ್ತಾರ್ರಿ! ಖಾರ ಹೋಗ್ತದಲ್ಲ! ಇವತ್ತೇ ಹುಕುಂ ಮಾಡ್ತೀನಿ. ಆಕಿ ಹ್ಯಾಂಗ ಬರದಾಳೋ ಹಾಂಗ ಅಚ್ಚಿನ ಮೊಳಿ ಜೋಡಸ್ರಿ ಅಂತ."

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಯಾಕ ಒಪ್ಪಿದ್ರಿ ಅಕ್ಕಾ? ನಾಳಿ ನಾನೇ ಪ್ರೆಸ್ಸಿಗೆ ಟ್ರಂಕಾಲ್ ಹಚ್ಚತೀನಿ, ಈ ಮೂಗಿನಂವನ ದನಿಲೇ. 'ಬಾವಿ ಸುದ್ದಿ ಮೊದಲ ಪೇಜಿಗೆ ಹಾಕ್ರಿ' ಅಂತೀನಿ. ಯಾರಿಗೂ ಫರಕ ತಿಳಿಯಂಗಿಲ್ಲ" ಎಂದು ಅಂಗೈ ತಿಕ್ಕಿ ತೋರಿಸಿದೆ.

ಅಕ್ಕ ನಕ್ಕುಬಿಟ್ಟರು. ಆಮೇಲೆ ಹೇಳಿದರು: "ಬ್ಯಾಡ. ಮಂದಿ ದನಿ ಕದ್ದು ಹೇಳಿದ್ರ, ನಾಳಿ ಬಾವಿ ನೀರೂ ಸುಳ್ಳು ಅಂತಾರ. ನನ್ನ ದನಿಲೇ ಹೇಳ್ತೀನಿ. ಅವರೇ ಬಾಗಲಾ ತಗದು ಕೊಟ್ಟಾರ."

ಮೊದಲ ಭಾನುವಾರ ನಿಜವಾಗಿಯೂ ಜಲ್ಸಾದ ಸಂಜೆಯ ಕಥೆ ಬಂತು. ಎಂಟು ಗಂಟೆಯೊಳಗೆ ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಮುಗಿದಿತ್ತು. ಎಂದೂ ಓದದವರು ಓದಿದರು, ಓದಲು ಬಾರದವರು ಓದಿಸಿಕೊಂಡರು. ಎರಡನೆಯ ಕಂತನ್ನು ಅಕ್ಕ ಬೇಕೆಂದೇ ಶನಿವಾರ ಸಂಜೆಯವರೆಗೂ ಹಿಡಿದಿಟ್ಟರು. ಆಮೇಲೆ ಲಕೋಟೆಯ ಮೇಲೆ 'ಪ್ರೆಸ್, ಅರ್ಜೆಂಟ್' ಎಂದು ಬರೆದು ಗುಲಬರ್ಗಾ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರು. ಬಾತ್ಮಿ ಹೋಗುತ್ತಿದ್ದದ್ದೇ ಹಾಗೆ. ಅಲ್ಲಿಯ ಸ್ಟ್ಯಾಂಡಿನಲ್ಲಿ ಪ್ರೆಸ್ಸಿನ ಆಳು ಇಳಿಸಿಕೊಳ್ಳುತ್ತಿದ್ದ. ಆವತ್ತು ಪುಟ ಕಾಯುತ್ತಿತ್ತು, ಸಂಪಾದಕರ ಹುಕುಂ ಇತ್ತು, ಲಕೋಟೆ ಸೀದಾ ಮೊಳೆ ಜೋಡಿಸುವವರ ಕೈಗೆ ಹೋಯಿತು.

ಭಾನುವಾರ ಮುಂಜಾನೆ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಮೂವತ್ತು ನಾಲ್ವತ್ತು ಮಂದಿ. ಎಲ್ಲರ ಮುಂದೆ ಸುಸಲಾ, ಚಹಾ. "ಏ, ನೀ ಓದೋ, ಅಂವನ ದನಿಲೇ ಓದು" ಎಂದು ಹೋಟೆಲ್ ಮಾಲಕ ಪೇಪರನ್ನು ನನ್ನ ಕೈಗೆ ಕೊಟ್ಟ. ಅದರಲ್ಲಿ ಏನಿದೆ ಎಂದು ಅಕ್ಕ ನನಗೂ ಹೇಳಿರಲಿಲ್ಲ. ನಾನು ಬೆಂಚಿನ ಮೇಲೆ ಹತ್ತಿ, ಈ ಸಲ ಎಡಗೈಯಲ್ಲಿ ಗಿಟಾರು ಬಾರಿಸುವಂತೆ ಮಾಡಿ, ಹಲ್ಲುನೋವಿನ ದನಿಯಲ್ಲಿ ಶುರು ಮಾಡಿದೆ. ಗಿಟಾರಿನವನು ನಡುರಾತ್ರಿ ಮನೆಗೆ ಬಂದು ಹಾಸಿಗೆಯ ಮೇಲೆ ಕುಳಿತು, ನೀರು ಕೊಡು ಎನ್ನುತ್ತಾನೆ. ಹೋಟೆಲಿನಲ್ಲಿ ಸಿಳ್ಳೆ. ಹೆಂಡತಿ ನೀರು ತರುತ್ತಾಳೆ. ಇನ್ನೊಂದು ಸಿಳ್ಳೆ. ಮುಂದಿನ ಸಾಲು: 'ಆ ನೀರಿಗೆ ಬಣ್ಣವಿರಲಿಲ್ಲ. ಹುಮನಾಬಾದಿನ ಕೆಳಗಿನ ಓಣಿಯ ಮೂರು ಬಾವಿಗಳ ನೀರಿಗೆ ಇದೆ.'

ಅಲ್ಲಿಂದ ಮೂರು ಕಾಲಮ್ಮು ಗಿಟಾರಿನವನ ಸುಳಿವೇ ಇಲ್ಲ. ಯಾರದು, ಎಲ್ಲಿ, ಯಾವಾಗಿಂದ. ಧೋತರದ ಚೂರುಗಳು, ತಾರೀಖುಗಳು, ಹಗ್ಗದ ಮೊಳಗಳು. ಕಾರ್ಖಾನೆಯ ಮೋರಿ ಎಲ್ಲಿ ಹುಟ್ಟಿ ಎಲ್ಲಿ ಇಂಗುತ್ತದೆ ಎಂಬುದು. ಗಾದರಿ ಎದ್ದ ಹದಿನೇಳು ಮಕ್ಕಳ ಹೆಸರು, ಅಪ್ಪನ ಹೆಸರಿನ ಸಮೇತ. ನಾಲ್ಕನೆಯ ಸಾಲಿಗೆ ಗಿಟಾರಿನವನ ದನಿ ನನ್ನ ಗಂಟಲಿನಿಂದ ಬಿದ್ದುಹೋಯಿತು. ಬೇರೆ ಯಾವ ದನಿಯೂ ಸಿಗದೆ ಉಳಿದದ್ದರಲ್ಲೇ ಓದಿದೆ. ಬಹುಶಃ ಅದು ನನ್ನದೇ. ಅಂಥಾ ಚಲೋ ಏನಿಲ್ಲ. ಕಾರ್ಖಾನೆಯ ಸೂಪರ್‌ವೈಜರ್ ಮೂಲೆಯಲ್ಲಿ ಕುಳಿತಿದ್ದವನು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದ.

ಓದಿ ಮುಗಿಸಿದೆ. ಬೆಂಚಿನಿಂದ ಇಳಿದೆ. ಆಮೇಲೆ ಹೋಟೆಲ್ ಮಾಲಕ ಕೇಳಿದ:

"ಆತು. ಆಮ್ಯಾಲ ಗಿಟಾರಿನಂವ ನೀರು ಕುಡದ್ನೋ ಇಲ್ಲೋ?"

ಕೈಯಲ್ಲಿ ಪೇಪರಿತ್ತು. ಕಲ್ಲಿದ್ದಿದ್ದರೆ ಈ ಬರಹವನ್ನು ಜೈಲಿನಿಂದ ಬರೆಯುತ್ತಿದ್ದೆ.

ಆ ವಾರವೇ ಬೀದರಿನಿಂದ ಜೀಪು ಬಂತು. ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋದರು. ಅಕ್ಕನ ನೋಟ್‌ಬುಕ್ಕನ್ನು ಸಾಹೇಬರೊಬ್ಬರು ಹಾಳೆ ಹಾಳೆ ತಿರುವಿ ನೋಡಿದರು. ಎರಡು ತಿಂಗಳಲ್ಲಿ ಓಣಿಯ ಬಾಯಿಗೆ ನಳ ಬಂತು, ಕಾರ್ಖಾನೆಯ ಮೋರಿಗೆ ಕಾಂಕ್ರೀಟು ಬಿತ್ತು. ಆಯಿಯ ಮೊಮ್ಮಗಳ ಗಾದರಿ ಮಾಯ್ದು ಕಲೆ ಉಳಿಯಿತು.

ಪತ್ರಿಕೆ ಏನು ಮಾಡಿತು ಗೊತ್ತೇ? ಮರುವಾರ 'ಅನಿವಾರ್ಯ ಕಾರಣಗಳಿಂದ ಈ ಮಾಲಿಕೆಯನ್ನು ನಿಲ್ಲಿಸಲಾಗಿದೆ' ಎಂದು ಹಾಕಿತು. ಅಕ್ಕನನ್ನು ಬಾತ್ಮೀದಾರರ ಕೆಲಸದಿಂದ ತೆಗೆಯಿತು, ಓದುಗರಿಗೆ ಮೋಸ ಮಾಡಿದ್ದಕ್ಕೆ. ಹೌದು, ಮೋಸ! ಹನ್ನೊಂದು ತಿಂಗಳು ಸತ್ಯವನ್ನು ಟಾಚಣಿ ಚುಚ್ಚಿ ಇಟ್ಟವರು ಮೋಸಗಾರರು, ಅದನ್ನು ಎರಡು ಸಲ ಬುಟ್ಟಿಗೆ ಎಸೆದವರು ಮರ್ಯಾದಸ್ಥರು. ಊರೂ ಹಾಗೆಯೇ. ತಿಂಗಳುಗಟ್ಟಲೆ ಮಂದಿ ಬಂದರು. "ಕಥಿ ಅರ್ಧಕ್ಕ ಬಿಟ್ರಿ ಅಕ್ಕಾರ, ಛಲೋ ಮಾಡ್ಲಿಲ್ಲ." ಆ ಓಣಿಯಲ್ಲೇ ಇರುವ ಒಬ್ಬ, ನಳದ ನೀರಿನಲ್ಲಿ ಸ್ನಾನ ಮಾಡಿ ಕ್ರಾಪು ಬಾಚಿಕೊಂಡು ಬಂದು, "ಆಮ್ಯಾಲ ಏನಾತ್ರಿ?" ಎಂದು ಕೇಳಿದ. ಎಲ್ಲರಿಗೂ ಅಕ್ಕ ಎಡಗಡೆಯ ಕುರ್ಚಿ ತೋರಿಸಿದರು. ಆ ವರ್ಷ ಆ ಕುರ್ಚಿಯ ಬೆತ್ತ ಹರಿಯಿತು.

ಆಮೇಲೆ ಅವರು ತಂದೆಯ ಕೆಲಸ ಹಿಡಿದರು. ತಹಶೀಲಿನ ಮುಂದೆ ಬೇವಿನ ಗಿಡದ ಕೆಳಗೆ ಚಾಪೆ ಹಾಕಿ ಮಂದಿಯ ಅರ್ಜಿ ಬರೆದರು. ನಾನು ಟಾಂಗಾದಲ್ಲಿ ಅರಚುತ್ತ ಆ ಕಡೆ ಹೋದರೆ ಬಲಗಿವಿ ಮುಚ್ಚಿಕೊಂಡು, "ಒಂದರೆ ಉಳಸೋ ತಮ್ಮಾ!" ಎಂದು ಕೂಗುತ್ತಿದ್ದರು.

ಎಂಬತ್ತೇಳರಲ್ಲಿ ಎದೆಯ ಬೇನೆ ಹೆಚ್ಚಾಗಿ ತಮ್ಮ ಬಂದು ಕಲ್ಯಾಣಕ್ಕೆ ಕರೆದುಕೊಂಡು ಹೋದ. ನೋಡಲು ಹೋದೆ. ಹಾಸಿಗೆಯ ಬಲಗಡೆ ಜಾಗ ಮಾಡಿಕೊಟ್ಟರು. ಮಾತಾಡಲು ಉಸಿರು ಸಾಲುತ್ತಿರಲಿಲ್ಲ, ಚಾಷ್ಟಿಗೆ ಮಾತ್ರ ಸಾಲುತ್ತಿತ್ತು.

"ನಾ ಹೋದ್ರ ನಮ್ಮ ಪೇಪರಿನ್ಯಾಗ ಏನ್ ಹಾಕ್ತಾರ, ಓದು ನೋಡೋಣ."

ನಾನು ಎದ್ದುನಿಂತು, ಅಂಗೈ ತಿಕ್ಕಿ, ಸಂಪಾದಕರ ಮೂಗಿನಲ್ಲಿ ಓದಿದೆ: "ಖ್ಯಾತ ಗಿಟಾರ್ ವಾದಕರ ಮಾಜಿ ಪತ್ನಿ ನಿಧನ. ಮೃತರು ಕೆಲಕಾಲ ಬರವಣಿಗೆಯ ಹವ್ಯಾಸವನ್ನೂ ಹೊಂದಿದ್ದರು."

ಅಕ್ಕ ನಕ್ಕರು. ನಕ್ಕು ನಕ್ಕು ಕೆಮ್ಮಿದರು. ಕೆಮ್ಮಿನ ನಡುವೆ, "ಹವ್ಯಾಸ! ಯಪ್ಪಾ, ಹವ್ಯಾಸ!" ಎಂದು ಕಣ್ಣೊರೆಸಿಕೊಂಡರು. ಅವರನ್ನು ಅಷ್ಟು ನಗಿಸಿದೆನೆಂದು ಹುಮನಾಬಾದಿನವರೆಗೂ ಬಸ್ಸಿನಲ್ಲಿ ಎದೆ ಉಬ್ಬಿಸಿಕೊಂಡು ಬಂದೆ.

ಒಂಬತ್ತು ದಿನದ ಮೇಲೆ ಹೋಗಿಬಿಟ್ಟರು. ಮರುದಿನದ ಪತ್ರಿಕೆ ಬಿಚ್ಚಿದೆ. ಐದನೆಯ ಪುಟದ ಕೆಳಗೆ ನಾನು ಆಡಿದ್ದ ಮಾತೇ. 'ಖ್ಯಾತ ಗಿಟಾರ್ ವಾದಕರ ಮಾಜಿ ಪತ್ನಿ ನಿಧನ.' ಹವ್ಯಾಸವೂ ಇತ್ತು. ನಾನು ಚಾಷ್ಟಿಗೆ ಮಾಡಿದ್ದನ್ನು ಅವರು ಗಂಭೀರವಾಗಿ ಮೊಳೆ ಜೋಡಿಸಿ ಅಚ್ಚು ಹಾಕಿದ್ದರು. ಒಂದು ಮಾತ್ರ ನನಗೆ ಹೊಳೆದಿರಲಿಲ್ಲ: ಪಕ್ಕದಲ್ಲಿ ಫೋಟೋ ಹಾಕಿದ್ದರು. ಅವನದು. ಗಿಟಾರು ಹಿಡಿದು, ಗುಂಡಿ ಬಿಚ್ಚಿ, ಹಲ್ಲು ಕಿರಿದು. ಸತ್ತವರು ಅವರು, ಫೋಟೋ ಅವನದು!

ಆವತ್ತು ಟಾಕೀಜಿಗೆ ಹೊಸ ಪಿಕ್ಚರ್ ಬಂದಿತ್ತು. ಟಾಂಗಾ ಹತ್ತಿದೆ. ಎರಡೂ ಕಡೆ ಹೀರೋನ ಬೋರ್ಡು. ಮೈಕು ಬಾಯಿಗಿಟ್ಟು, ಏಳು ವರ್ಷದಿಂದ ಗಂಟಲಲ್ಲಿಟ್ಟುಕೊಂಡೂ ಒಮ್ಮೆಯೂ ಹೊರಗೆ ತೆಗೆಯದ ಒಂದು ದನಿ ತೆಗೆದೆ. ಅಕ್ಕನ ದನಿ. ದನಿ ಕದಿಯಬೇಡ ಎಂದಿದ್ದರು. ಕದಿಯುತ್ತಿದ್ದೇನೆ ಎಂದು ಮೊದಲೇ ಹೇಳಿಬಿಟ್ಟೆ.

"ಹುಮನಾಬಾದಿನ ಮಂದೀ, ಕೇಳ್ರಿ. ಇದು ನಕಲಿ ದನಿ, ಆದ್ರ ಬಾತ್ಮಿ ಅಸಲಿ ಅದ. ನಿಮ್ಮ ಪೇಪರ್ ಅಕ್ಕ ತೀರಿಕೊಂಡಾರ. ಅವರು ಯಾರಂದ್ರ, ಮೂರು ಬಾವಿ ನೀರು ಹನ್ನೊಂದು ತಿಂಗಳು ಅಳದವ್ರು..."

ಟಾಂಗಾ ಹೊಡೆಯುವ ಮಾಮು ಹಿಂತಿರುಗಿ ನೋಡಿದ. "ಪಿಕ್ಚರ್ ಕಾ ನಾಮ್ ಬೋಲೋ ರೇ, ಮಾಲಕ್ ಮಾರ್ತಾ" ಎಂದು ಟಾಕೀಜಿನ ಧಣಿಯ ಹೆದರಿಕೆ ಹಾಕಿದ. ನಾನು ನಿಲ್ಲಿಸದಿದ್ದಾಗ ಕುದುರೆಯನ್ನು ನಿಧಾನ ಮಾಡಿದ, ಎಲ್ಲರಿಗೂ ಕೇಳಲಿ ಎಂದು. ಪೇಟೆ, ಬಸ್ ಸ್ಟ್ಯಾಂಡ್, ತಹಶೀಲು. ಹೋಟೆಲಿನ ಮುಂದೆ ಎರಡು ಸಲ ಸುತ್ತಿದೆ. ಹೋಟೆಲ್ ಮಾಲಕ ಒಳಗೆ ಹೋಗಿ ನಿಂತ. ಹದಿನೇಳು ಮಕ್ಕಳ ಹೆಸರು ಹೇಳಿದೆ. ಬಾವಿಗಳ ಆಳ ಹೇಳಿದೆ. ಟಾಕೀಜಿನ ಕೆಲಸ ಆವತ್ತು ಸಂಜೆಯೇ ಹೋಯಿತು. ಮಾಮು ಹೇಳಿದ್ದು ಸುಳ್ಳಾಗಲಿಲ್ಲ.

ಕೆಳಗಿನ ಓಣಿಗೆ ಬಂದಾಗ ನಳದ ಕಟ್ಟೆಯ ಮೇಲಿಂದ ಒಂದು ಕೈ ಎದ್ದಿತು. ಆಯಿ. ಕೊಡ ಅಲ್ಲೇ ಬಿಟ್ಟು ಟಾಂಗಾಕ್ಕೆ ಅಡ್ಡ ಬಂದು ನಿಂತಳು. ಅಳುತ್ತಿದ್ದಾಳೆಂದುಕೊಂಡೆ. ಅವಳ ಮುಖ ಕೆಂಡದಂತಿತ್ತು.

"ಏ ಸೋಗಲಾಡಿ, ಗಾಡಿ ನಿಂದರ್ಸು! ಎರಡನೇ ಬಾವಿ ಹಗ್ಗ ಎಷ್ಟಂದಿ?"

"ಇಪ್ಪತ್ತು ಮೊಳ, ಆಯಿ."

"ಯಾಂವ ಹೇಳ್ದ ನಿನಗ? ಇಪ್ಪತ್ತೆರಡು! ಆಕಿ ಅಳದಾಗ ನಾ ಹಗ್ಗ ಹಿಡದೀನಿ. ಆಕಿ ದನಿ ತಗದು ತಪ್ಪು ಲೆಕ್ಕ ಹೇಳ್ತೀ? ಆಕಿ ಇದ್ದಿದ್ರ ನಿನ್ನ ನಾಲಿಗಿ ತಿದ್ದತಿದ್ದಳು!"

ಮೈಕು ಕುಂಯ್ ಎನ್ನುತ್ತಿತ್ತು, ಅವಳು ಹೇಳಿದ ಲೆಕ್ಕ ಸರಿಯಾಗಿ ಕೇಳಿಸಲಿಲ್ಲ. ಏನಂದಿ ಆಯಿ ಎಂದು ಕೇಳುವಾಗ ನನ್ನ ತಲೆ ತಾನೇ ಎಡಕ್ಕೆ ತಿರುಗಿ ಬಲಗಿವಿ ಅವಳ ಬಾಯಿಯ ಹತ್ತಿರ ಹೋಗಿತ್ತು. ಆಯಿ ಅದನ್ನು ನೋಡಿ ಬೈಯುವುದನ್ನು ಬಿಟ್ಟಳು. ಆಮೇಲೆ ಆ ಕಿವಿಯಲ್ಲೇ, ಒಂದೊಂದು ಅಕ್ಷರ ಬಿಡಿಸಿ, ಇಪ್ಪತ್ತೆರಡು ಎಂದಳು.

ಮೈಕು ಎತ್ತಿ ಇಪ್ಪತ್ತೆರಡು ಮೊಳ ಎಂದೆ.

"ಜೋರ್ ಹೇಳು," ಎಂದಳು ಆಯಿ, "ಪೇಟಿಗೆ ಕೇಳ್ಸಂಗ ಹೇಳು."

ಕುದುರೆ ಬೆದರುವಷ್ಟು ಜೋರಾಗಿ ಹೇಳಿದೆ.